ಗೋಣಿಚೀಲದ ಗುಡ್ಡ

ನಮ್ಮ ಕಾಲೇಜಿನ ಸಭಾಂಗಣಕ್ಕೆ ಶೀಟ್ ಹೊದಿಸಿದ್ದಾರೆ. ಮಡಿಕೇರಿಯ ಮಳೆಗಾಲದಲ್ಲಿ ಹಾಗಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಜೋರಾಯಿತು ಅಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ನಾವು ನಾಟಕದ ಮಾತು ಕಲಿತದ್ದು ಆ ಸಭಾಂಗಣದಲ್ಲೇ, ಅದೂ ಜುಲೈ ತಿಂಗಳಲ್ಲಿ.

ನಾನು ಬಿ.ಕಾಂ. ವಿದ್ಯಾರ್ಥಿ. ರಂಗಭೂಮಿಯ ಸರ್ಟಿಫಿಕೇಟ್ ಕೋರ್ಸ್ ಸಂಜೆ ಹೊತ್ತು ನಡೆಯುತ್ತಿತ್ತು. ಅಭಿನಯ, ವಿನ್ಯಾಸ, ರಂಗಸಜ್ಜಿಕೆ ಎಲ್ಲವೂ ಒಂದೇ ವರ್ಷದಲ್ಲಿ. ನನ್ನ ಊರು ಶನಿವಾರಸಂತೆ ಕಡೆ, ಹಾಸನದ ಗಡಿ. ಆ ಕಡೆ ಪೌರಾಣಿಕ ನಾಟಕದ ಹುಚ್ಚು ಜಾಸ್ತಿ. ಬಾಡಿಗೆ ಸೀನರಿ ತರಿಸಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಒಂದೊಂದು ಪಾರ್ಟಿಗೆ ಇಷ್ಟಿಷ್ಟು ಅಂತ ದುಡ್ಡು ಕಟ್ಟಿ ವೇಷ ಹಾಕುತ್ತಾರೆ. ಫೀಸಿನ ವಿಷಯ ಎತ್ತಿದಾಗ ಅಪ್ಪ ಹೇಳಿದ್ದು ಇಷ್ಟೇ: "ನಾಟಕ ಆಡೋಕೆ ದುಡ್ಡು ಕೊಡೋದು ಗೊತ್ತಿತ್ತು. ಕಲಿಯೋಕೂ ಕೊಡಬೇಕಾ?" ಆದರೂ ಕೊಟ್ಟರು.

ಪಾಠ ಮಾಡಲು ಬರುತ್ತಿದ್ದ ಸರ್ ಹೆಗ್ಗೋಡಿನಲ್ಲಿ ಕಲಿತವರು. ಕೆ.ವಿ. ಸುಬ್ಬಣ್ಣ 1980ರಲ್ಲಿ ಶುರು ಮಾಡಿದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ. ಮೊದಲ ತರಗತಿಗೆ ನಾವೆಲ್ಲ ಒಂದೊಂದು ಡೈಲಾಗ್ ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. ಅವರು ಕೇಳಲೇ ಇಲ್ಲ. ಅಳತೆ ಟೇಪ್ ಕೈಗೆ ಕೊಟ್ಟು, "ವೇದಿಕೆ ಅಳೆದು ಬರ್ಕೊಳ್ಳಿ" ಅಂದರು. ಅಗಲ 24 ಅಡಿ, ಆಳ 16 ಅಡಿ. ಆ ಎರಡು ಅಂಕಿ ಇವತ್ತಿಗೂ ಬಾಯಿಗೆ ಬರುತ್ತವೆ.

ಧ್ವನಿಯ ತರಗತಿಯಲ್ಲಿ ಸರ್ ಕೊನೆಯ ಸಾಲಿಗೆ ಹೋಗಿ ಕೂರುತ್ತಿದ್ದರು. ನಾವು ವೇದಿಕೆ ಮೇಲಿಂದ ಒಂದೊಂದು ವಾಕ್ಯ ಹೇಳಬೇಕು, ಅವರು ಕೇಳಿಸಿದಷ್ಟನ್ನು ಬರೆದುಕೊಳ್ಳುತ್ತಾರೆ. ನಾನು ಹೇಳಿದ ವಾಕ್ಯ, "ನಾನು ಆ ಮನೆಗೆ ವಾಪಸ್ ಹೋಗೋದಿಲ್ಲ." ಅವರ ಹಾಳೆಯಲ್ಲಿ ಇದ್ದದ್ದು, "ನಾನು ಆ ಮನೆಗೆ ವಾಪಸ್ ಹೋ." ಹೋಗ್ತಾನೋ ಇಲ್ಲವೋ ಗೊತ್ತಾಗಲಿಲ್ಲ. ಕನ್ನಡದಲ್ಲಿ ಮಾತಿನ ಗಂಟು ಇರುವುದೇ ಕೊನೆಯಲ್ಲಿ. ಹೌದೋ ಅಲ್ಲವೋ, ಬಂದನೋ ಬಂದಳೋ, ನಿನ್ನೆಯೋ ನಾಳೆಯೋ, ಎಲ್ಲ ಕ್ರಿಯಾಪದದ ಬಾಲದಲ್ಲಿ. ನಾವು ಉಸಿರು ಬಿಡುವುದೂ ಸರಿಯಾಗಿ ಅಲ್ಲೇ. ದೊಡ್ಡದಾಗಿ ಶುರು ಮಾಡಿ, ಕೊನೆಗೆ ಬರುವಷ್ಟರಲ್ಲಿ ಗಾಳಿ ಖಾಲಿ. ಕಿರುಚಿದರೆ ಸರಿಹೋಗುವ ಸಮಸ್ಯೆ ಅಲ್ಲ ಇದು. ಕಿರುಚಿದರೆ ಸ್ವರ ಮಾತ್ರ ದೂರ ಹೋಗುತ್ತದೆ, ವ್ಯಂಜನಗಳೆಲ್ಲ ಮಳೆಯ ಸದ್ದಿನಲ್ಲಿ ಮುಚ್ಚಿಹೋಗುತ್ತವೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಕೊನೆಯ ಎರಡು ಅಕ್ಷರಕ್ಕೆ ಗಾಳಿ ಉಳಿಸಿಕೊಂಡು ಹೇಳುವ ಅಭ್ಯಾಸ ಮಾಡಿದೆವು. ಆಮೇಲೆ ಸುದ್ದಿ ಓದುವವರು, ಭಾಷಣ ಮಾಡುವವರು, ನಮ್ಮ ಲೆಕ್ಕಶಾಸ್ತ್ರದ ಮೇಡಂ ಕೂಡ, ಎಲ್ಲರೂ ಬಾಲ ನುಂಗುವುದು ಕಾಣತೊಡಗಿತು. ಒಮ್ಮೆ ಕಂಡರೆ ಮತ್ತೆ ಬಿಡುವುದಿಲ್ಲ, ಕಾಟ ಅದು.

ತರಗತಿಯಲ್ಲಿ ಮನೆಮಾತು ಕನ್ನಡ ಇದ್ದವರು ಕಮ್ಮಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎಲ್ಲ ಇತ್ತು. ಎಲ್ಲರೂ ಸೇರಿದಾಗ ಆಡುವುದು ಕನ್ನಡ, ಒಬ್ಬೊಬ್ಬರದು ಒಂದೊಂದು ರಾಗ. ಇದನ್ನೆಲ್ಲ ತಿದ್ದಿ ಒಂದೇ ಥರ ಮಾಡಿಸುತ್ತಾರೆ ಅಂದುಕೊಂಡಿದ್ದೆ. ಸರ್ ತಿದ್ದಲಿಲ್ಲ. "ಸೋಮವಾರಪೇಟೆಯ ಪಾತ್ರ ಸೋಮವಾರಪೇಟೆ ಥರ ಮಾತಾಡಲಿ, ನಾಪೋಕ್ಲಿನವರು ನಾಪೋಕ್ಲಿನ ಥರ. ಕೊನೆ ಅಕ್ಷರ ಕೇಳಿಸಿದರೆ ಸಾಕು ಮಾರಾಯ" ಅನ್ನುತ್ತಿದ್ದರು. ಇಲ್ಲಿ ಕೊಡವ ಭಾಷೆಯಲ್ಲಿ ನಾಟಕ ಬರೆದ ಹರದಾಸ ಅಪ್ಪಚ್ಚ ಕವಿ ಹುಟ್ಟಿದ್ದು 1868ರಲ್ಲಿ. ನಮ್ಮ ಊರಲ್ಲಿ ರಂಗಭೂಮಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಸರ್ ಮೊದಲು ಆ ಹೆಸರು ಹೇಳುತ್ತಿದ್ದರು. ಆಮೇಲೆ ದೇವರಪುರದ ಕುಂಡೆ ಹಬ್ಬದಲ್ಲಿ ವೇಷ ಹಾಕಿ, ಬೈದು, ಕಾಸು ಕೇಳುವ ಗಿರಿಜನರ ಹೆಸರು. ಆಮೇಲೆ ತೆರೆ ಕಟ್ಟುವವರು, ಅಂದರೆ ದೈವದ ವೇಷ ತೊಟ್ಟು ಕುಣಿಯುವವರು. ನಾಲ್ಕನೆಯದಾಗಿ ಮಡಿಕೇರಿ ದಸರಾದ ಮಂಟಪ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ದೈಹಿಕ ಅಭಿನಯದ ತರಗತಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಣ್ಣಗಿನ ನೆಲದ ಮೇಲೆ ಉರುಳಿದೆವು, ಕಣ್ಣು ಕಟ್ಟಿಕೊಂಡು ನಡೆದೆವು, ಒಬ್ಬರ ಭಾರ ಇನ್ನೊಬ್ಬರು ಹೊತ್ತೆವು. ಒಳ್ಳೆಯದೇ. ಆದರೆ ಇಂಥ ಆಟ ಆಡಿದ ತಕ್ಷಣ ನಟರಾಗಿಬಿಡುತ್ತೇವೆ ಅಂತ ನಂಬಿಸುವುದು ನನಗೆ ಅಷ್ಟು ಇಷ್ಟವಿಲ್ಲ. ನಾಟ್ಯಶಾಸ್ತ್ರದ ನಾಲ್ಕು ಅಭಿನಯ ಪರೀಕ್ಷೆಗೆ ಬಾಯಿಪಾಠ ಆಯಿತು: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಅದರಲ್ಲಿ ಆಹಾರ್ಯ ಅಂದರೆ ಉಡುಪು, ಬಣ್ಣ, ಒಡವೆ, ಸಜ್ಜಿಕೆ. ಅದನ್ನೂ ಅಭಿನಯ ಅಂತಲೇ ಲೆಕ್ಕಕ್ಕೆ ಹಿಡಿದಿದ್ದಾರೆ ಅನ್ನುವುದು ಮಾತ್ರ ನನಗೆ ತುಂಬ ಹಿಡಿಸಿತು. ಬಟ್ಟೆ, ಮರ, ಬೆಳಕು ಕೂಡ ನಟಿಸುತ್ತವೆ ಅಂತ ಆಯಿತಲ್ಲ.

ಎರಡನೇ ಅರ್ಧ ವರ್ಷದಲ್ಲಿ ಒಂದು ನಾಟಕ ಕಟ್ಟಬೇಕಿತ್ತು. ಇದ್ದ ನಾಟಕ ಆಡುವುದು ಬೇಡ, ನಾವೇ ಕಟ್ಟೋಣ ಅಂತ ತೀರ್ಮಾನವಾಯಿತು. ಯಾವ ವಿಷಯ ಅನ್ನುವುದಕ್ಕೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಜಾರಿದ ಮಳೆಗಾಲ. ನಾವು ಆಗ ಶಾಲೆಯಲ್ಲಿದ್ದೆವು. ತರಗತಿಯ ಇಬ್ಬರು ಆಗ ಪರಿಹಾರ ಕೇಂದ್ರದಲ್ಲಿ ಇದ್ದವರು. ನಾಟಕ ನಡೆಯುವುದು ಅಂಥ ಒಂದು ಕೇಂದ್ರದಲ್ಲೇ, ಶಾಲೆಯ ಒಂದು ಕೋಣೆ, ಮೂರು ಕುಟುಂಬ, ಒಂದು ರಾತ್ರಿ.

ಮಾತು ಬೇಗ ಹುಟ್ಟಿತು. ಆದರೆ ಗುಡ್ಡ ತೋರಿಸುವುದು ಹೇಗೆ?

ಮೊದಲು ಥರ್ಮೋಕೋಲ್ ಗುಡ್ಡ ಅಂದರು. ಇನ್ನೊಬ್ಬ ಪ್ರೊಜೆಕ್ಟರ್ ಹಾಕಿ ವಿಡಿಯೋ ಬಿಡೋಣ ಅಂದ. ಸರ್ ಬೇಡ ಅನ್ನಲಿಲ್ಲ, "ಮಾಡೆಲ್ ಮಾಡಿ ತೋರಿಸಿ" ಅಂದರು. ಅರ್ಧ ಇಂಚಿಗೆ ಒಂದು ಅಡಿ. ಹಾಗಾದರೆ ನಮ್ಮ ವೇದಿಕೆ 12 ಇಂಚು ಅಗಲ, 8 ಇಂಚು ಆಳ, ಒಂದು ಬೂಟಿನ ಡಬ್ಬಿಯಷ್ಟು. ಐದೂವರೆ ಅಡಿ ಮನುಷ್ಯ ಎರಡೂಮುಕ್ಕಾಲು ಇಂಚು. ರಟ್ಟಿನಲ್ಲಿ ಮೂರು ಮನುಷ್ಯರನ್ನು ಕತ್ತರಿಸಿ ನಿಲ್ಲಿಸಿದ ಕೂಡಲೇ ಥರ್ಮೋಕೋಲ್ ಗುಡ್ಡ ನಗು ತರಿಸಿತು. ಒಂದೋ ಗುಡ್ಡ ಮನುಷ್ಯನ ಮೊಣಕಾಲಿಗೆ, ಇಲ್ಲಾ ಮನುಷ್ಯರಿಗೆ ನಿಲ್ಲಲು ಜಾಗವೇ ಇಲ್ಲ. ಆಮೇಲೆ ಸಭಾಂಗಣದ ಮೊದಲ ಸಾಲಿನ ಎರಡು ಅಂಚಿನ ಕುರ್ಚಿಯಿಂದ ವೇದಿಕೆಯ ಮೂಲೆಗಳಿಗೆ ದಾರ ಎಳೆದು ನೋಡಿದೆವು. ಆ ದಾರಗಳ ಹೊರಗೆ ಬಿದ್ದದ್ದು ಆ ಪ್ರೇಕ್ಷಕರಿಗೆ ಕಾಣುವುದಿಲ್ಲ. 24 ಅಡಿಯಲ್ಲಿ ಎಲ್ಲರಿಗೂ ಕಾಣುವ ಜಾಗ ಎಷ್ಟು ಚಿಕ್ಕದು ಅಂತ ಆಗ ಗೊತ್ತಾಯಿತು.

ಗೋಣಿಚೀಲದ ಯೋಚನೆ ಬಂದದ್ದು ಕಾಫಿ ವ್ಯಾಪಾರ ಮಾಡುವ ಮನೆಯ ಹುಡುಗಿಯಿಂದ. ಖಾಲಿ ಚೀಲ ಬಿಚ್ಚಿ, ಒಂದಕ್ಕೊಂದು ಹೊಲಿದು, ಹಿಂದಿನ ಗೋಡೆಗೆ ಮೇಲಿಂದ ಕೆಳಗಿನವರೆಗೆ ಇಳಿಬಿಟ್ಟರೆ? ಹೊಲಿದು ನೇತುಹಾಕಿ, ಎದುರಿಂದ ಲೈಟ್ ಬಿಟ್ಟೆವು. ಗೋಣಿಚೀಲವೇ ಕಂಡಿತು. ಎಲ್ಲರ ಮುಖ ಸಪ್ಪಗಾಯಿತು. ಸರ್ ಎದ್ದು ಹೋಗಿ ಅದೇ ಲೈಟನ್ನು ವಿಂಗಿನ (ವೇದಿಕೆಯ ಪಕ್ಕದ ಮರೆ) ಒಳಗೆ, ಬಟ್ಟೆಗೆ ಒತ್ತಿ ನಿಲ್ಲುವಷ್ಟು ಹತ್ತಿರ, ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ತಿರುಗಿಸಿದರು. ಒಂದೊಂದು ನೂಲೂ ನೆರಳು ಬಿಟ್ಟಿತು. ಹೊಲಿಗೆ ಇದ್ದಲ್ಲಿ ಕಂದಕ, ಸುಕ್ಕು ಇದ್ದಲ್ಲಿ ದಿಣ್ಣೆ. ಮಣ್ಣು ಕುಸಿದ ಗುಡ್ಡದ ಬರೆ, ಅಂದರೆ ಕಡಿದಾದ ಇಳಿಜಾರು, ಹೇಗಿರುತ್ತದೋ ಹಾಗೇ. ಬೆಳಕು ಎಷ್ಟಿದೆ ಅನ್ನುವುದಕ್ಕಿಂತ ಯಾವ ಕಡೆಯಿಂದ ಬರುತ್ತಿದೆ ಅನ್ನುವುದೇ ಮುಖ್ಯ ಅಂತ ಪುಸ್ತಕದಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಅವತ್ತು ನೋಡಿದೆವು.

ಚೀಲ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರದಲ್ಲೇ ಬಿಸಿ ಲೈಟು. ಹಾಗಾಗಿ ಬೋರಾಕ್ಸ್, ಬೋರಿಕ್ ಆಸಿಡ್ ಪುಡಿ ಬಿಸಿನೀರಿನಲ್ಲಿ ಕರಗಿಸಿ, ಔಷಧಿ ಹೊಡೆಯುವ ಪಂಪಿನಲ್ಲಿ ಬಟ್ಟೆಗೆಲ್ಲ ಹೊಡೆದೆವು. ಒಣಗಬೇಕಲ್ಲ? ಜನವರಿಯಾದ್ದರಿಂದ ಬಚಾವ್. ಒಣಗಿದ ತುಂಡಿಗೆ ಹೊರಗಡೆ ಬೆಂಕಿಕಡ್ಡಿ ಹಿಡಿದು ನೋಡಿದೆವು, ಕರಕಲಾಯಿತು, ಉರಿ ಏಳಲಿಲ್ಲ.

ಇನ್ನು ಗುಡ್ಡ ಜಾರಬೇಕು. ಬಟ್ಟೆಯ ಮೇಲಂಚಿಗೆ ಬಿದಿರು, ಎರಡು ತುದಿಗೆ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ವಿಂಗಿನ ಒಳಗೆ. ಬಲಗಡೆಯ ಹಗ್ಗ ನಿಧಾನ ಬಿಟ್ಟರೆ ಇಡೀ ಬಟ್ಟೆ ಓರೆಯಾಗಿ ಕುಸಿಯುತ್ತದೆ. ಹೇಳುವುದಕ್ಕೆ ಸುಲಭ. ಅಷ್ಟು ಭಾರವನ್ನು ಕೈಯಲ್ಲಿ ಹಿಡಿದು ನಿಧಾನ ಬಿಡಲು ಆಗುವುದೇ ಇಲ್ಲ, ಅಂಗೈ ಸುಲಿದುಹೋಗುತ್ತದೆ. ಇದಕ್ಕೆ ಪರಿಹಾರ ಹೇಳಿದ್ದು ತೋಟದಲ್ಲಿ ಮರಗಸಿ ಮಾಡುವ ಒಬ್ಬರು ಅಣ್ಣ. ಕಾಫಿ ಗಿಡದ ಮೇಲೆ ಬೀಳದ ಹಾಗೆ ದೊಡ್ಡ ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸುವುದು ಅವರ ದಿನದ ಕೆಲಸ. ಬಂದು ನೋಡಿದರು. "ಕೈಯಲ್ಲಿ ಯಾಕೆ ಹಿಡೀತೀರಿ? ಗೂಟಕ್ಕೆ ಎರಡು ಸುತ್ತು ಹಾಕಿ. ಭಾರ ಗೂಟಕ್ಕೆ, ನಿಮಗೆ ಬರೀ ಹಗ್ಗದ ಬಾಲ." ವಿಂಗಿನ ಕಂಬಕ್ಕೆ ಎರಡು ಸುತ್ತು ಹಾಕಿ ನನ್ನ ಕೈಗೆ ಕೊಟ್ಟರು. ಎರಡು ಬೆರಳಲ್ಲಿ ಹಿಡಿಯಬಹುದಿತ್ತು. ಸಡಿಲ ಬಿಟ್ಟಷ್ಟೂ ಜಾರುತ್ತದೆ, ಬಿಗಿ ಮಾಡಿದ ಕಡೆ ನಿಲ್ಲುತ್ತದೆ. ನಾಟಕದಲ್ಲಿ ಒಂದು ಸಣ್ಣ ಪಾರ್ಟು ನನಗೂ ಇತ್ತು. ಅದನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಹಗ್ಗ ಕೇಳಿ ತೆಗೆದುಕೊಂಡೆ. ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ.

ಮಂಟಪದ ಮಾತಿಗೆ ಬರುತ್ತೇನೆ. ಇದಕ್ಕೂ ಮೊದಲು ದಸರಾ ಸಮಯದಲ್ಲಿ ಸರ್ ನಮ್ಮನ್ನು ನೋಟ್‌ಬುಕ್ ಹಿಡಿಸಿ ಮಂಟಪ ಕಟ್ಟುವ ಜಾಗಗಳಿಗೆ ಕಳಿಸಿದ್ದರು. ಮಡಿಕೇರಿ ದಸರಾದ ದಶಮಂಟಪ ಗೊತ್ತಲ್ಲ, ಹತ್ತು ದೇವಸ್ಥಾನಗಳ ಹತ್ತು ಮಂಟಪ, ವಿಜಯದಶಮಿ ರಾತ್ರಿಯಿಡೀ ಟ್ರ್ಯಾಕ್ಟರ್ ಮೇಲೆ ಮೆರವಣಿಗೆ. ಒಂದೊಂದರಲ್ಲೂ ಒಂದೊಂದು ಪುರಾಣದ ಕಥೆ, ಕೈಕಾಲು ಆಡಿಸುವ ದೈತ್ಯರು, ಹೊಗೆ, ಬೆಳಕು, ಧ್ವನಿಮುದ್ರಿಕೆ. ಚಿಕ್ಕಂದಿನಿಂದ ನೋಡಿದ್ದೆ, ಆದರೆ ಎದುರಿನಿಂದ ಮಾತ್ರ. ಹಿಂದೆ ಹೋಗಿ ನೋಡಿದರೆ ಕಬ್ಬಿಣದ ಚೌಕಟ್ಟು, ಮೋಟರು, ವೆಲ್ಡಿಂಗ್, ಕಣ್ಣು ಕೆಂಪಾದ ಹುಡುಗರು. ರಾಕ್ಷಸನ ತೋಳು ಯಾಕೆ ಅಷ್ಟು ನಿಧಾನ ಏಳುತ್ತದೆ ಅಂತ ಕೇಳಿದೆ. "ಫಾಸ್ಟ್ ಎತ್ತಿದ್ರೆ ಆಟದ ಸಾಮಾನಿನ ಥರ ಕಾಣುತ್ತೆ. ದೊಡ್ಡದು ಅನ್ನಿಸಬೇಕಂದ್ರೆ ನಿಧಾನ ಏಳಬೇಕು" ಅಂದ ವೆಲ್ಡರ್. ನಮ್ಮ ಗುಡ್ಡದ ವೇಗ ತೀರ್ಮಾನವಾದದ್ದು ಈ ಮಾತಿನಿಂದಲೇ. ಮೊದಲು ಹತ್ತು ಸೆಕೆಂಡಿನಲ್ಲಿ ಬೀಳಿಸುತ್ತಿದ್ದೆವು, ಪರದೆ ಕಳಚಿಬಿದ್ದ ಹಾಗೆ ಕಾಣುತ್ತಿತ್ತು. 40 ಸೆಕೆಂಡಿಗೆ ಎಳೆದ ಮೇಲೆ ಸಭಾಂಗಣದಲ್ಲಿ ಯಾರೂ ಅಲುಗಾಡಲಿಲ್ಲ.

ಉಡುಪಿನ ಕೆಲಸ ವಹಿಸಿಕೊಂಡವಳು ಪರಿಹಾರ ಕೇಂದ್ರದಲ್ಲಿ ಇದ್ದ ಇಬ್ಬರಲ್ಲಿ ಒಬ್ಬಳು. ನಾವೆಲ್ಲ ಹರಿದ ಬಟ್ಟೆ, ಕೆಸರು ಮೆತ್ತಿದ ಬಟ್ಟೆ ಅಂತ ಪಟ್ಟಿ ಮಾಡಿದ್ದೆವು. ಅವಳು ನಕ್ಕಳು. "ಅಲ್ಲಿ ಯಾರೂ ಹರಿದದ್ದು ಹಾಕ್ಕೊಂಡಿರಲಿಲ್ಲ. ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬಟ್ಟೆ ಬಂದಿತ್ತು. ಎಲ್ಲರದ್ದೂ ಒಳ್ಳೆ ಬಟ್ಟೆಯೇ. ಯಾರದ್ದೂ ಅಳತೆ ಮಾತ್ರ ಸರಿ ಇರಲಿಲ್ಲ." ಅಷ್ಟೇ ಸಾಕಾಯಿತು. ನಟರು ಒಬ್ಬರ ಬಟ್ಟೆ ಇನ್ನೊಬ್ಬರು ಬದಲಾಯಿಸಿಕೊಂಡರು. ದಪ್ಪ ಹುಡುಗನಿಗೆ ಬಿಗಿ ಅಂಗಿ, ಅಜ್ಜಿಯ ಪಾತ್ರಕ್ಕೆ ಮಿಣಮಿಣ ಮದುವೆ ಸೀರೆ, ಕುಪ್ಯ ಚೇಲೆ (ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ, ನಡುಪಟ್ಟಿ) ಬಿಟ್ಟು ಬೇರೇನೂ ಶಿಸ್ತಾಗಿ ಉಡದ ತಾತನ ಪಾತ್ರಕ್ಕೆ ಕ್ರಿಕೆಟ್ ಹೆಸರಿರುವ ಟೀ ಶರ್ಟು. ಆ ತಾತ ಇಡೀ ನಾಟಕ ಟೀ ಶರ್ಟಿನ ಅಕ್ಷರಗಳನ್ನು ಕೈಯಿಂದ ಮುಚ್ಚಿಕೊಳ್ಳುತ್ತಾ ಇದ್ದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಬಟ್ಟೆ ಹೇಳಿಕೊಟ್ಟಿತು. ಆಹಾರ್ಯಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಬೆಳಕಿನ ವಿಷಯದಲ್ಲಿ ನನ್ನ ಬಿ.ಕಾಂ. ಬುದ್ಧಿ ಕೆಲಸಕ್ಕೆ ಬಂತು. ನಮ್ಮಲ್ಲಿದ್ದ ಪಾರ್ ಲೈಟು, ಅಂದರೆ ಡಬ್ಬಿಯಂಥ ರಂಗದೀಪ, ಒಂದೊಂದೂ 1000 ವ್ಯಾಟ್. 230 ವೋಲ್ಟಿನಲ್ಲಿ ಅದು ಹೆಚ್ಚುಕಮ್ಮಿ 4.3 ಆಂಪಿಯರ್ ಎಳೆಯುತ್ತದೆ. ನಮ್ಮ ಸಭಾಂಗಣದಲ್ಲಿದ್ದದ್ದು 15 ಆಂಪಿಯರಿನ ಸಾಕೆಟ್. ಮೂರು ಲೈಟ್ ಹಾಕಬಹುದು, ನಾಲ್ಕನೆಯದಕ್ಕೆ ಫ್ಯೂಸ್ ಹೋಗುತ್ತದೆ. ಕನಸಿನಲ್ಲಿ ಹನ್ನೆರಡು ಲೈಟಿನ ವಿನ್ಯಾಸ ಬರೆದು ತಂದವರಿಗೆಲ್ಲ ಈ ಲೆಕ್ಕ ತೋರಿಸುವ ಕೆಲಸ ನನ್ನದಾಯಿತು. ಎರಡು ಪಾರ್ ಗೋಣಿಚೀಲದ ಪಕ್ಕಕ್ಕೆ, ಒಂದು ಬಾಗಿಲಿನ ಕಡೆಗೆ, ನಟರ ಮುಖಕ್ಕೆ ಬೇರೆ ಲೈನಿನಿಂದ ಎಲ್‌ಇಡಿ. ಎಲ್‌ಇಡಿ ಕರೆಂಟು ಕಮ್ಮಿ ತಿನ್ನುತ್ತದೆ, ಬಿಸಿಯೂ ಕಮ್ಮಿ. ಆದರೆ ಅಗ್ಗದ ಎಲ್‌ಇಡಿಯಲ್ಲಿ ಮುಖದ ಬಣ್ಣ ಹೆಣದ ಹಾಗೆ ಆಗುತ್ತದೆ. ಕೆಂಪು, ಹಸಿರು, ನೀಲಿ ಬೆರೆಸಿ ಮಾಡಿದ ಹಳದಿ ಕಣ್ಣಿಗೆ ಹಳದಿಯೇ, ಚರ್ಮದ ಮೇಲೆ ಬಿದ್ದಾಗ ಮಾತ್ರ ಮೋಸ ಗೊತ್ತಾಗುತ್ತದೆ. ಇದನ್ನು ತೋರಿಸಲು ಸರ್ ಹಿಂದೆ ಕಕ್ಕಡದಲ್ಲಿ, ಅಂದರೆ ಕೊಡಗಿನ ಆಟಿ ತಿಂಗಳಲ್ಲಿ, ಒಂದು ಚೆಂದದ ಕೆಲಸ ಮಾಡಿದ್ದರು. ಯಾರೋ ಡಬ್ಬಿಯಲ್ಲಿ ಮದ್ದುಸೊಪ್ಪಿನ ಪಾಯಸ ತಂದಿದ್ದರು, ಕಡು ನೇರಳೆ. ಅದರ ಮೇಲೆ ಹಸಿರು ಬೆಳಕು ಬಿಟ್ಟರು. ಪಾಯಸ ಡಾಂಬರಿನಷ್ಟು ಕಪ್ಪಾಯಿತು. ವಸ್ತುವಿನ ಬಣ್ಣ ಬೆಳಕಿನಲ್ಲಿ ಇಲ್ಲದಿದ್ದರೆ ಅದು ಎಲ್ಲಿಂದ ವಾಪಸ್ ಬರಬೇಕು? ಪಾಠ ಮುಗಿದ ಮೇಲೆ ಬಿಳಿ ಬೆಳಕಿನಲ್ಲಿ ತಿಂದೆವು.

ತಾಂತ್ರಿಕ ತಾಲೀಮಿನ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ನಟರಿಗೆ ಅದು ಬೇಸರದ ದಿನ. ಒಂದು ಮಾತು ಹೇಳು, ನಿಲ್ಲು, ಲೈಟ್ ಬದಲಾಗಲಿ, ಮತ್ತೆ ಹೇಳು. ನನಗೆ ಮಾತ್ರ ಇಡೀ ವರ್ಷದಲ್ಲಿ ಅದೇ ತುಂಬ ಇಷ್ಟವಾದ ದಿನ. ರಂಗನಿರ್ವಾಹಕಿ ಸ್ಕ್ರಿಪ್ಟಿನ ಒಂದು ಪುಟಕ್ಕೆ ಎದುರು ಖಾಲಿ ಪುಟ ಅಂಟಿಸಿಕೊಂಡು ಎಲ್ಲ ಸೂಚನೆ ಬರೆದಿದ್ದಳು: ಯಾವ ಮಾತಿನ ಯಾವ ಅಕ್ಷರಕ್ಕೆ ಬೆಳಕು, ಯಾವುದಕ್ಕೆ ಸದ್ದು, ಯಾವುದಕ್ಕೆ ಹಗ್ಗ. "ಹಗ್ಗ ರೆಡಿ" ಅಂದಾಗ ಎರಡನೇ ಸುತ್ತು ಸಡಿಲ, "ಬಿಡು" ಅಂದಾಗ ಬಿಡಬೇಕು. ಅವಳು "ರೆಡಿ" ಅಂದು "ಬಿಡು" ಅನ್ನುವವರೆಗೆ ಇರುತ್ತಿದ್ದ ಆ ಒಂದು ನಿಮಿಷ ನನ್ನ ಹೊಟ್ಟೆಯೊಳಗೆ ಏನೇನೋ ಆಗುತ್ತಿತ್ತು. ವೇದಿಕೆ ಮೇಲೆ ನಿಂತಾಗಲೂ ಅಷ್ಟು ಆಗಿರಲಿಲ್ಲ.

ಪ್ರದರ್ಶನ ಮಾರ್ಚಿನಲ್ಲಿ, ಎರಡು ಸಂಜೆ. ಬೇಸಿಗೆ ಮಳೆ ಬರದಿರಲಿ ಅಂತ ಎಲ್ಲರ ಹರಕೆ. ಬಂತು, ಹಿಂದಿನ ದಿನ ಮಧ್ಯಾಹ್ನ. ಗೋಣಿಚೀಲ ಗಾಳಿಯ ತೇವ ಎಳೆದುಕೊಂಡು ಭಾರವಾಗಿ ಜೋತುಬಿತ್ತು. ಮೊದಲೇ ಎಚ್ಚರಿಕೆಯಿಂದ ನೂಲಿನ ಹಗ್ಗದ ಬದಲು ನೈಲಾನ್ ಹಾಕಿದ್ದೆವು, ಅದು ಕೈಕೊಡಲಿಲ್ಲ. ಬಿದಿರಿನ ಎಡ ತುದಿಗೆ ಒಂದು ಮರಳಿನ ಚೀಲ ಕಟ್ಟಿ ತೂಗಿಸಿಕೊಂಡೆವು. ಸಂಜೆ ಕರೆಂಟು ಒಮ್ಮೆ ಹೋಗಿ ಬಂತು, ನಾಟಕ ಶುರುವಾಗುವ ಮೊದಲೇ. ಅದಕ್ಕೂ ಮುನ್ನೆಚ್ಚರಿಕೆ ಅಂತ ಎರಡು ರಿಚಾರ್ಜ್ ಲೈಟು ಪರಿಹಾರ ಕೇಂದ್ರದ ಸಾಮಾನಿನ ಥರವೇ ವೇದಿಕೆ ಮೇಲೆ ಇಟ್ಟಿದ್ದೆವು. ಕರೆಂಟ್ ಹೋದರೆ ನಟರೇ ಹಚ್ಚಿಕೊಳ್ಳಬಹುದಿತ್ತು. ಕಥೆಯೂ ನಿಲ್ಲುವುದಿಲ್ಲ. ಇಲ್ಲಿ ನಾಟಕ ಮಾಡುವವರಿಗೆ ಈ ಉಪಾಯ ಧಾರಾಳವಾಗಿ ಬಿಟ್ಟುಕೊಡುತ್ತೇನೆ.

ಮೊದಲ ದಿನ ಮುಗಿದ ಮೇಲೆ ಒಬ್ಬರು ಅಜ್ಜಿ ವೇದಿಕೆಯ ಹತ್ತಿರ ಬಂದರು. ಮಕ್ಕಂದೂರು ಕಡೆಯವರು. ಚೆನ್ನಾಗಿತ್ತು ಅಂತ ಹೇಳಲು ಬಂದದ್ದಲ್ಲ. ಗೋಣಿಚೀಲವನ್ನು ಕೈಯಿಂದ ಮುಟ್ಟಿ ನೋಡಿದರು. "ಜಾರಿದ್ದು ಹೀಗೇ ಮಕ್ಕಳೇ. ಆದರೆ ಮೊದಲು ಸದ್ದು ಬರ್ಲಿಲ್ಲ ನಮಗೆ. ನೀವು ಮೊದಲೇ ಸದ್ದು ಹಾಕಿದ್ದೀರಿ. ಮೊದಲು ತೋಡಿನ ನೀರು ಕೆಂಪಾಯ್ತು. ಬೆಳಗ್ಗೆ ಕೊಡ ತುಂಬಿಸೋಕೆ ಹೋದ್ರೆ ಬರೀ ಕೆಸರು. ಅಷ್ಟೇ ನೋಡಿ ನಮ್ಮವರು ಹಸು ಬಿಚ್ಚಿದ್ರು, ಹೊರಟ್ವಿ."

ಅವರು ಹೋದ ಮೇಲೆ ರಾತ್ರಿಯೇ ಕೂತೆವು. ಗುಡುಗಿನಂಥ ಸದ್ದನ್ನು ಪಟ್ಟಿಯಿಂದ ತೆಗೆದೆವು. ಸೊಸೆಯ ಪಾತ್ರ ಹೊರಗಿನಿಂದ ಕೊಡ ತಂದು ಸ್ಟೀಲ್ ಪಾತ್ರೆಗೆ ಸುರಿಯುವ ಒಂದು ಕ್ರಿಯೆ ಮೊದಲೇ ಇತ್ತು, ಸುಮ್ನೆ ಮಾತಿನ ಮಧ್ಯೆ ಕೈಗೆ ಕೆಲಸ ಇರಲಿ ಅಂತ. ನೆನಪು ಹೇಳುವ ದೃಶ್ಯಕ್ಕೆ ಅದನ್ನು ತಂದು, ಕೊಡದ ನೀರಿಗೆ ಕೆಮ್ಮಣ್ಣು ಕಲಸಿದೆವು. ಬಾಗಿಲ ಕಡೆಯ ಪಾರ್ ಲೈಟನ್ನು ಸ್ವಲ್ಪ ಕೆಳಗಿಳಿಸಿದರೆ ಸುರಿಯುವ ನೀರಿನ ಮೇಲೇ ಬೀಳುತ್ತಿತ್ತು. ಎರಡನೇ ಸಂಜೆ ಕೆಂಪು ನೀರು ಸುರಿದಾಗ ಮಧ್ಯದ ಸಾಲುಗಳಲ್ಲಿ ಕೆಲವರು ಮುಂದಕ್ಕೆ ಬಗ್ಗಿದ್ದು ವಿಂಗಿನಿಂದ ಕಂಡಿತು. ಗುಡ್ಡ ಜಾರಿದ್ದು ಅದಾಗಿ ಮೂರು ನಿಮಿಷಕ್ಕೆ, ಒಂದೂ ಸದ್ದಿಲ್ಲದೆ. ರಾಟೆಗೆ ತೆಂಗಿನೆಣ್ಣೆ ಹಾಕಿದ್ದೆ, ಕಿರ್ ಅನ್ನಬಾರದಲ್ಲ.

ಪರೀಕ್ಷೆಯಲ್ಲಿ ಇದ್ಯಾವುದಕ್ಕೂ ಅಂಕ ಇರಲಿಲ್ಲ. ರಂಗಸಜ್ಜಿಕೆಯ ಪ್ರಶ್ನೆಪತ್ರಿಕೆಯಲ್ಲಿ ಪಾರ್ ಲೈಟಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಅಂತ ಇತ್ತು. ಬಿಡಿಸಿದೆ. ಇಂಥ ಕೋರ್ಸಿಗೆ ಬರವಣಿಗೆಯ ಪರೀಕ್ಷೆ ಇಡುವುದು ದಂಡ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಮ್ಮಲ್ಲಿ ಒಬ್ಬ ಮುಂದೆ ಮೈಸೂರಿಗೆ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ಶಾಲೆಗೆ ಅರ್ಜಿ ಹಾಕಿದ. ಉಡುಪಿನ ಹುಡುಗಿ ಬಿ.ಎಡ್. ಮಾಡುತ್ತಿದ್ದಾಳೆ. ನಾನು ಒಂದು ಆಡಿಟರ್ ಆಫೀಸಿನಲ್ಲಿದ್ದೇನೆ. ದಸರಾ ಬಂದರೆ ರಜೆ ಹಾಕಿ ಒಂದು ಮಂಟಪದ ಲೈಟಿಂಗ್‌ನವರ ಜೊತೆ ಸೇರಿಕೊಳ್ಳುತ್ತೇನೆ. ಆಂಪಿಯರ್ ಲೆಕ್ಕ ಹಾಕಲು ಅವರಿಗೂ ಒಬ್ಬರು ಬೇಕಿತ್ತು.

ಗೋಣಿಚೀಲದ ಕಥೆ ಬೇರೆ ಇದೆ. ವ್ಯಾಪಾರಿಯ ಮನೆಯವರು ಚೀಲಗಳನ್ನು ಎರವಲು ಕೊಟ್ಟಿದ್ದರು. ವಾಪಸ್ ಒಯ್ದಾಗ ಬೋರಾಕ್ಸ್ ಹೊಡೆದದ್ದರಲ್ಲಿ ಕಾಫಿ ತುಂಬಿಸಲು ಆಗಲ್ಲ ಅಂತ ಮುಟ್ಟಲೂ ಇಲ್ಲ. ನ್ಯಾಯವೇ. ಲೆಕ್ಕ ಹಾಕಿ ದುಡ್ಡು ಕೊಟ್ಟೆವು, ತಲೆಗೆ ಇಷ್ಟು ಅಂತ. ಬಟ್ಟೆ ಈಗ ಕಾಲೇಜಿನ ಸಾಮಾನು ಕೋಣೆಯಲ್ಲಿದೆ. ಈ ವರ್ಷದವರು ಅದಕ್ಕೆ ಹಸಿರು ಬಣ್ಣ ಬಳಿದು ಕಾಡು ಮಾಡುತ್ತೇವೆ ಅಂತ ಹೊರಟಿದ್ದಾರಂತೆ. ಬಣ್ಣ ಬಳಿದ ಮೇಲೆ ಇನ್ನೊಮ್ಮೆ ಬೆಂಕಿಕಡ್ಡಿ ಹಿಡಿದು ನೋಡಿ ಅಂತ ಹೇಳಿ ಕಳಿಸಿದ್ದೇನೆ.